ಕೊಬ್ಬಿನ ಗಂಟು

ಪೊರಕೆಯ ಸದ್ದು ನಿಲ್ಲುವುದನ್ನೇ ಕಾಯುತ್ತ ಸಿರಾಜುದ್ದೀನ್ ಮಸೀದಿ ಗಲ್ಲಿಯ ತಿರುವಿನಲ್ಲಿ ಗೋಡೆಗೆ ಹೆಗಲು ಕೊಟ್ಟು ನಿಂತಿದ್ದ. ಕೈಯಲ್ಲಿದ್ದ ಅಂಗಡಿಯ ಬೀಗದ ಕೈ ಹಿಡಿದೂ ಹಿಡಿದೂ ಬೆಚ್ಚಗಾಗಿತ್ತು. ತಿರುವು ದಾಟಿ ಮೂವತ್ತು ಹೆಜ್ಜೆ ಹೋದರೆ ಅವನ ಅಂಗಡಿ. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ದನ, ಕುರಿ, ಕೋಳಿ, ನಾಯಿಗಳ ಔಷಧಿ ಮಾರುವ ಅಂಗಡಿ. ಪಂಚನಹಳ್ಳಿ ಕಡೆಯ ಮೊದಲ ಬಸ್ಸಿಗೆ ಬಂದಿಳಿಯುವ ರೈತರಿಗೆಂದು ಆರೂವರೆಗೇ ಶಟರ್ ಎತ್ತುವುದು ಒಂಬತ್ತು ವರ್ಷದ ರೂಢಿ. ಈಗ ಹನ್ನೊಂದು ದಿನದಿಂದ ಏಳೂವರೆ ಆಗುತ್ತಿತ್ತು. ಮನೆಯಿಂದ ಹೊರಡುವುದು ಮಾತ್ರ ಅದೇ ಹೊತ್ತಿಗೆ. ತಡವಾಗಿ ಹೊರಟರೆ ಹೆಂಡತಿ ರುಬೀನಾ ಕಾರಣ ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ ನಿಧಾನ ಮಾಡಿ, ‘ಏನ್ ಡಾಕ್ಟ್ರೇ, ಇಲ್ ನಿಂತ್ಬಿಟ್ಟಿದೀರಾ?’ ಎಂದ. ಸಿರಾಜುದ್ದೀನ್ ತಟ್ಟನೆ ಫೋನನ್ನು ಕಿವಿಗಿಟ್ಟುಕೊಂಡು, ‘ಹಾಂ, ಹಾಂ, ಹೇಳಿ’ ಎಂದು ಆ ಕಡೆ ಯಾರೂ ಇಲ್ಲದ ಫೋನಿಗೆ ಹೇಳಿದ. ಬೈಕು ಹೋದ ಮೇಲೂ ಸ್ವಲ್ಪ ಹೊತ್ತು ಫೋನು ಕಿವಿಯಲ್ಲೇ ಉಳಿಯಿತು. ಐವತ್ತೇಳು ವರ್ಷದ ಗಂಡಸು ತಾನು, ಬೆಳ್ಳಂಬೆಳಿಗ್ಗೆ ಗೋಡೆಯ ಮರೆಯಲ್ಲಿ ನಿಂತು ಒಂದು ನಾಯಿಯ ತೊಡೆಗೆ ಹೆದರುತ್ತಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಕಾಲು ಮುಂದೆ ಬರುತ್ತಿರಲಿಲ್ಲ.

ನಾಯಿಯ ಹೆಸರು ದಫೇದಾರ. ಪುರಸಭೆಯಲ್ಲಿ ಕಸ ಗುಡಿಸುವವರ ಮೇಲೊಬ್ಬ ದಫೇದಾರ ಇರುತ್ತಾನೆ, ಕೈ ಹಿಂದೆ ಕಟ್ಟಿಕೊಂಡು ಮುಂದೆ ಮುಂದೆ ನಡೆಯುತ್ತಾನೆ, ಪೊರಕೆ ಮುಟ್ಟುವುದಿಲ್ಲ. ಗುಡಿಸುವವರಲ್ಲೊಬ್ಬಳಾದ ದ್ಯಾವಮ್ಮ ತನ್ನ ಹಿಂದೆ ಬಿದ್ದ ಈ ಕಂದು ನಾಯಿಗೆ, ಅದು ತನ್ನ ಮುಂದೆ ನಡೆಯತೊಡಗಿದ ದಿನವೇ, ಆ ಹೆಸರು ಇಟ್ಟಿದ್ದಳು. ಬೆಳಗಿನ ಐದು ಗಂಟೆಗೆ, ಇನ್ನೂ ಕತ್ತಲಿರುವಾಗ, ಬಸ್ ಸ್ಟ್ಯಾಂಡಿನ ಸುತ್ತ ಅವಳೊಬ್ಬಳೇ ಗುಡಿಸಬೇಕು. ಲಾರಿಗಳ ಮಧ್ಯೆ ಕುಡಿದು ಬಿದ್ದವರು ಏಳುವ ಹೊತ್ತು ಅದು. ನಾಯಿ ಬಂದ ಮೇಲೆ ಯಾರೂ ಅವಳ ಹತ್ತಿರ ಸುಳಿದಿರಲಿಲ್ಲ. ಇದನ್ನೆಲ್ಲ ಅವಳು ಸಿರಾಜುದ್ದೀನನ ಅಂಗಡಿ ಮೆಟ್ಟಿಲ ಮುಂದೆ ಗುಡಿಸುತ್ತ ಗುಡಿಸುತ್ತಲೇ ಹೇಳಿದ್ದಳು. ಅವನು ಕೇಳಿದ್ದನೋ ಇಲ್ಲವೋ. ಮುಂಜಾನೆ ಅವನ ಮನಸ್ಸು ಬೇರೆಡೆ ಇರುತ್ತಿತ್ತು, ಬಾಗಿಲಿಗೆ ನೀರು ಹಾಕುವುದು, ಫ್ರಿಜ್ಜಿನಲ್ಲಿದ್ದ ಲಸಿಕೆಗಳು ತಣ್ಣಗಿವೆಯೇ ಎಂದು ನೋಡುವುದು. ಅವಳ ಮಾತು ಪೊರಕೆಯ ಸದ್ದಿನ ಹಾಗೆಯೇ ಕಿವಿಗೆ ಬಿದ್ದು ಹೋಗುತ್ತಿತ್ತು.

ಸದ್ದು ನಿಂತಿತು. ನೂರರವರೆಗೆ ಎಣಿಸಿ ಅವನು ತಿರುವು ದಾಟಿದ. ದ್ಯಾವಮ್ಮ ಹೋಗಿರಲಿಲ್ಲ. ಪೊರಕೆಯನ್ನು ಪಕ್ಕಕ್ಕಿಟ್ಟು ಅವನ ಅಂಗಡಿಯ ಮೆಟ್ಟಿಲ ಮೇಲೇ ಕುಳಿತಿದ್ದಳು. ಅವಳ ಕಾಲಡಿ ನಾಯಿ ಪಕ್ಕಕ್ಕೆ ಒರಗಿ ಮಲಗಿತ್ತು, ಎಂದಿನ ಹಾಗೆ ಕುಂಡೆಯ ಮೇಲೆ ಕೂತು ರಸ್ತೆ ಕಾಯುತ್ತಿರಲಿಲ್ಲ. ಅವನನ್ನು ಕಂಡು ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು.

‘ಬಂದ್ರಾ ಡಾಕ್ಟ್ರೇ,’ ಎಂದಳು ದ್ಯಾವಮ್ಮ. ‘ನಿನ್ನೆಯಿಂದ ತುತ್ತು ಮುಟ್ಟಿಲ್ಲ. ಬೆಳಿಗ್ಗೆ ಎರಡ್ ಸಲ ಕಕ್ತು. ಹೊರಕಡೆಗೆ ಹೋಗಿದ್ದೂ ಟಾರ್ ಇದ್ದಂಗೆ ಕಪ್ಪಗೈತೆ. ಆ ಗಂಟು ನೋಡಿ, ಮತ್ತೆ ಎದ್ಬಿಟ್ಟೈತೆ. ಆವತ್ತು ಹಾಕಿದ್ರಲ್ಲ, ಅದೇ ಸೂಜಿ ಇನ್ನೊಂದ್ ಹಾಕ್ಬಿಡಿ.’

ಅವನು ಶಟರ್ ಎತ್ತಿದ. ಎತ್ತುವಾಗ ಬೆನ್ನು ಅವಳ ಕಡೆಗಿತ್ತು, ಅಷ್ಟು ಹೊತ್ತು ಮುಖ ತೋರಿಸಬೇಕಾಗಿರಲಿಲ್ಲ. ಆಮೇಲೆ ಬಗ್ಗಿದ. ಬಲಗಾಲಿನ ತೊಡೆಯ ಹೊರಮಗ್ಗುಲಲ್ಲಿ, ಸಂಕ್ರಾಂತಿ ಕಳೆದ ವಾರ ಅವರೆಕಾಳಿನಷ್ಟು ಇದ್ದದ್ದು, ಈಗ ದೊಡ್ಡ ನಿಂಬೆಹಣ್ಣು. ಮೇಲಿನ ಕೂದಲು ಉದುರಿ ಚರ್ಮ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ನಾಯಿ ಅದನ್ನು ನೆಕ್ಕೀ ನೆಕ್ಕೀ ಒಂದು ಕಡೆ ಹುಣ್ಣು ಮಾಡಿಕೊಂಡಿತ್ತು. ಆವತ್ತು ಅವನು ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದಿದ್ದ. ಚರ್ಮದ ಕೆಳಗೆ ಅದು ಜಾರಿತ್ತು, ನೋವು ಇರಲಿಲ್ಲ. ಶುಕ್ರವಾರ, ಹನ್ನೆರಡೂವರೆ ದಾಟಿತ್ತು. ಸ್ನಾನ ಮಾಡಿ ಬಟ್ಟೆ ಬದಲಿಸಿ ನಮಾಜಿಗೆ ಹೋಗಬೇಕಿತ್ತು, ನಾಯಿ ಮುಟ್ಟಿದ ಮೇಲೆ ಮೊಣಕೈವರೆಗೆ ತೊಳೆದುಕೊಳ್ಳುವುದು ಬೇರೆ. ‘ಕೊಬ್ಬಿನ ಗಂಟು ಕಣಮ್ಮ, ಏನೂ ಆಗಲ್ಲ’ ಎಂದಿದ್ದ. ಅಷ್ಟು ಹೇಳಿ ಬಿಟ್ಟಿದ್ದರೂ ಆಗುತ್ತಿತ್ತು. ಅವಳು ಅಲ್ಲೇ ನಿಂತು ನೋಡುತ್ತಿದ್ದಳು, ಏನಾದರೂ ಮಾಡಲಿ ಎನ್ನುವ ಹಾಗೆ. ಅವನು ಡೆಕ್ಸಾ ಎಂಬ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದ, ಊತಕ್ಕೆ ಹಾಕುವ ಹಾಗೆ, ಮತ್ತೆ ಹತ್ತು ದಿನದ ಮಾತ್ರೆ ಕೊಟ್ಟ.

ನಾಲ್ಕೇ ದಿನಕ್ಕೆ ಗಂಟು ಕರಗಿಹೋಯಿತು. ದ್ಯಾವಮ್ಮ ಅದನ್ನು ಬಸ್ ಸ್ಟ್ಯಾಂಡಿನ ಹಣ್ಣಿನವರಿಗೆ, ಕಂಟ್ರೋಲರ್ ರೂಮಿನವರಿಗೆ, ಹೋಟೆಲಿನವರಿಗೆ ಹೇಳಿದಳು. ‘ಒಂದೇ ಸೂಜಿ! ಬೆಣ್ಣೆ ಕರಗ್ದಂಗೆ ಕರಗೋಯ್ತು!’ ಜನ ನಾಯಿಗಳನ್ನು ಕರೆತರತೊಡಗಿದರು. ಜವಳಿ ಅಂಗಡಿಯ ಧನಪಾಲ್ ತನ್ನ ಬಿಳಿ ನಾಯಿಯನ್ನು ಕಾರಿನಲ್ಲಿ ತಂದ. ಮೊದಲ ಬಾರಿಗೆ ಅವನ ಅಂಗಡಿಯ ಮುಂದೆ ಕಾರು ನಿಂತಿತ್ತು. ಇನ್ನೊಬ್ಬರ ನಾಯಿಯ ಪಕ್ಕೆಯಲ್ಲಿ ನಿಜವಾಗಿಯೂ ಕೊಬ್ಬಿನ ಗಂಟೇ ಇತ್ತು, ಮೆತ್ತಗೆ, ವರ್ಷಗಳಿಂದ ಹಾಗೇ. ಅದನ್ನು ಮುಟ್ಟಿ ಹೇಳಿದಾಗ ಅವನ ಬೆರಳುಗಳಿಗೆ ತಮ್ಮ ಮೇಲೇ ನಂಬಿಕೆ ಬಂತು. ಅಂಗಡಿ ಇಟ್ಟಾಗಿನಿಂದಲೂ ಎಲ್ಲರೂ ಡಾಕ್ಟ್ರೇ ಎನ್ನುತ್ತಿದ್ದರು. ಮೊದಮೊದಲು ‘ಅಯ್ಯೋ ನಾನು ಡಾಕ್ಟರ್ ಅಲ್ಲಪ್ಪ’ ಎನ್ನಬೇಕೆಂದುಕೊಳ್ಳುತ್ತಿದ್ದ. ಹೇಳುವ ಸಂದರ್ಭ ಪ್ರತಿ ಸಲ ಒಂದು ಕ್ಷಣ ಬಂದು, ಹೋಗುತ್ತಿತ್ತು.

ಅಜ್ಜಂಪುರದ ಕಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಅವನು ಡ್ರೆಸ್ಸರ್ ಆಗಿದ್ದ. ಗಾಯ ತೊಳೆಯುವುದು, ಕಟ್ಟು ಕಟ್ಟುವುದು, ಎತ್ತಿನ ಮೂಗುದಾರ ಹಿಡಿದು ನಿಲ್ಲುವುದು. ಡಾಕ್ಟರ್ ವಿಶ್ವಾರಾಧ್ಯರು ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ನಾಯಿಯ ಮೈಮೇಲೆ ಗಂಟು ಕಂಡರೆ ಮುಟ್ಟಿ ಸುಮ್ಮನಾಗುತ್ತಿರಲಿಲ್ಲ, ಸಣ್ಣ ಸೂಜಿ ಚುಚ್ಚಿ ಒಳಗಿನದನ್ನು ಗಾಜಿನ ಮೇಲೆ ಹರಡಿ ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಕಣ್ಣು ಇಡುತ್ತಿದ್ದರು. ‘ಬೆರಳಿಗೆ ಎಲ್ಲಾ ಗಂಟೂ ಒಂದೇ ಥರ ಕಾಣ್ಸುತ್ತೆ ಸಿರಾಜು. ಒಳಗೆ ಏನೈತೆ ಅಂತ ನೋಡದೆ ಹೆಸರು ಹೇಳ್ಬೇಡ.’ ಎಷ್ಟು ಸಲ ಕೇಳಿದ್ದ! ಗಂಟು ಎದ್ದು ಇಳಿದು, ಎದ್ದು ಇಳಿದು ಮಾಡುತ್ತಿದ್ದರೆ, ಮುಟ್ಟಿದರೆ ಕೆಂಪಾಗಿ ಊದಿದರೆ, ಅದನ್ನು ಇನ್ನೂ ಹೆಚ್ಚು ನೋಡಬೇಕು ಎಂದು ಅವರು ಹೇಳಿದ್ದೂ ನೆನಪಿತ್ತು. ಮಾರ್ಚಿನಲ್ಲಿ ದಫೇದಾರನ ಗಂಟು ಮತ್ತೆ ಕಾಣಿಸಿತು, ಒಂದು ವಾರಕ್ಕೆ ಸಣ್ಣದಾಯಿತು. ಸಣ್ಣದಾದದ್ದನ್ನೇ ಅವನು ನೆಪವಾಗಿ ಹಿಡಿದುಕೊಂಡ. ಏಪ್ರಿಲಿನಲ್ಲಿ ಮತ್ತೆ. ಮೇ ಕೊನೆಯ ಹೊತ್ತಿಗೆ ಅದು ಇಳಿಯುವುದು ನಿಂತಿತು, ಅವನು ಅಂಗಡಿ ತಡವಾಗಿ ತೆಗೆಯತೊಡಗಿದ.

ಈಗ ಕೈಯಲ್ಲಿ ಡೆಕ್ಸಾದ ಬಾಟಲಿ ಇತ್ತು. ಕಪಾಟಿನಿಂದ ಯಾವಾಗ ತೆಗೆದುಕೊಂಡೆ ಎನ್ನುವುದೇ ತಿಳಿಯದೆ ಅವನು ಅದನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ. ಹಾಕಿದರೆ ಇಳಿಯುತ್ತದೆ. ನಾಳೆಯೋ ನಾಡಿದ್ದೋ ನಾಯಿ ಎದ್ದು ನಾಲ್ಕು ತುತ್ತು ತಿನ್ನಬಹುದು. ದ್ಯಾವಮ್ಮ ಮತ್ತೆ ಎಲ್ಲರಿಗೂ ಹೇಳುತ್ತಾಳೆ. ಹದಿನೈದು ದಿನ ಅವನು ಗೋಡೆಯ ಮರೆಯಲ್ಲಿ ನಿಲ್ಲಬೇಕಾಗಿಲ್ಲ. ಕಪ್ಪಗೆ ಹೋಗುವುದೆಂದರೆ ಹೊಟ್ಟೆಯೊಳಗೆ ರಕ್ತ, ಅದರ ಮೇಲೆ ಈ ಇಂಜೆಕ್ಷನ್ ಎಂದರೆ ರಕ್ತ ಇನ್ನೂ ಹೆಚ್ಚುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಸಿರಿಂಜಿನ ಪೊಟ್ಟಣ ಹರಿದ. ನಾಯಿ ಆ ಪ್ಲಾಸ್ಟಿಕ್ಕಿನ ಸದ್ದಿಗೆ ತಲೆ ಎತ್ತಿ, ಪರಿಚಯದವನು ಏನೋ ಕೊಡುತ್ತಾನೆ ಎನ್ನುವ ಹಾಗೆ, ಕಷ್ಟಪಟ್ಟು ಎದ್ದು ನಿಂತು, ಆ ಗಂಟಿನ ಕಾಲನ್ನೇ ಅವನ ಕಡೆಗೆ ತಿರುಗಿಸಿತು. ಆವತ್ತು ಹಾಗೆ ತಿರುಗಿ ನಿಲ್ಲು ಎಂದು ದ್ಯಾವಮ್ಮ ಕಲಿಸಿದ್ದಳು.

‘ಇಲ್ಲ,’ ಎಂದ ಸಿರಾಜುದ್ದೀನ್. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ‘ಇಲ್ಲಿ ಬೇಡ ದ್ಯಾವಮ್ಮ. ತರೀಕೆರೆಗೆ ಹೋಗೋಣ. ಅಲ್ಲೊಬ್ರು ಡಾಕ್ಟರಮ್ಮ ಇದಾರೆ.’

‘ತರೀಕೆರೆಗಾ? ನೀವೇ ಇದೀರಲ್ಲ!’

‘ನನ್ ಕೈಲಿ ಆಗಲ್ಲ.’

ಅವಳು ಅವನ ಮುಖ ನೋಡಿದಳು. ಸೀರೆಯ ಮೇಲೆ ಹಾಕಿಕೊಂಡಿದ್ದ ಹಸಿರು ಕೋಟು ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಬಸ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲ. ತೆಂಗಿನಕಾಯಿ ಸಾಗಿಸುವ ತಿಪ್ಪೇಶನ ಲಗೇಜ್ ಆಟೋ ಸಿಕ್ಕಿತು. ಹಿಂದಿನ ತೊಟ್ಟಿಯಲ್ಲಿ ಗೋಣಿಚೀಲ ಹಾಸಿ ನಾಯಿಯನ್ನು ಮಲಗಿಸಿ, ಒಂದು ಪಕ್ಕ ದ್ಯಾವಮ್ಮ, ಇನ್ನೊಂದು ಪಕ್ಕ ಸಿರಾಜುದ್ದೀನ್ ಕುಳಿತರು. ಅಂಗಡಿ ತೆಗೆದ ಐದು ನಿಮಿಷಕ್ಕೇ ಮುಚ್ಚಿದ್ದನ್ನು ನೋಡಿ, ಆಗ ತಾನೇ ಬಸ್ಸಿಳಿದು ಬಂದಿದ್ದ ಇಬ್ಬರು ರೈತರು ನಿಂತೇ ಇದ್ದರು. ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋಗುವಾಗ ಯಾರೋ ಕೂಗಿದರು. ಅವನು ತಿರುಗಲಿಲ್ಲ. ಬೀರೂರು ದಾಟುವವರೆಗೆ ಅವನ ಯೋಚನೆಯೆಲ್ಲ ತಾನು ಹೀಗೆ ತೆರೆದ ತೊಟ್ಟಿಯಲ್ಲಿ ಕಸದ ಹೆಂಗಸಿನ ಎದುರು ಕುಳಿತು ಹೋಗುತ್ತಿರುವುದು ಹೇಗೆ ಕಾಣುತ್ತಿರಬಹುದು ಎಂಬುದರ ಸುತ್ತಲೇ ಇತ್ತು, ಅದು ತಿಳಿದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಷ್ಟರಲ್ಲಿ ನಾಯಿ ಹೊಟ್ಟೆ ಹಿಂಡಿಕೊಂಡು ಅವನ ಪ್ಯಾಂಟಿನ ಮೇಲೆ ಕಾಫಿ ಚರಟದ ಬಣ್ಣದ್ದನ್ನು ಕಕ್ಕಿತು. ದ್ಯಾವಮ್ಮ ಗಾಬರಿಯಾಗಿ ಸೆರಗಿನಿಂದ ಒರೆಸಲು ಬಂದಳು. ‘ಬಿಡು ಬಿಡು,’ ಎಂದ. ಮನೆಯ ಹಿತ್ತಲಲ್ಲಿ ಅವನಿಗೆಂದೇ ಒಂದು ಬಕೆಟ್ ಇತ್ತು, ರುಬೀನಾ ಇಟ್ಟದ್ದು. ಸಂಜೆ ಬಂದ ಕೂಡಲೇ ಬಾಗಿಲಲ್ಲೇ ಕೇಳುತ್ತಾಳೆ, ‘ಕುತ್ತೇಕೊ ಹಾತ್ ಲಗಾಯೆ ಕ್ಯಾ?’ ನಾಯಿ ಮುಟ್ಟಿದಿರಾ ಎಂದು. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ ಅವನು, ತೊಳೆದುಕೊಂಡೇ ಒಳಗೆ ಹೋಗುತ್ತಾನೆ. ಇಷ್ಟು ವರ್ಷ ಎಷ್ಟು ಚೆನ್ನಾಗಿ ತೊಳೆದುಕೊಂಡಿದ್ದೆ, ಎನಿಸಿತು.

‘ಇದು ಸಿಗೋಕ್ ಮುಂಚೆ,’ ಎಂದು ದ್ಯಾವಮ್ಮ ನಾಯಿಯ ಸೀಳಿದ ಕಿವಿಯನ್ನು ಬೆರಳಲ್ಲಿ ಮಡಚುತ್ತ ಹೇಳಿದಳು, ‘ನಾನು ಒಂದ್ ಕಬ್ಬಿಣದ ಸರಳು ಇಟ್ಕೊಂಡ್ ಬರ್ತಿದ್ದೆ ಡಾಕ್ಟ್ರೇ, ಬುಟ್ಟೀಲಿ. ಆ ಲಾರಿ ಹಿಂದ್ಗಡೆ ಒಬ್ಬ ಕೈ ಹಿಡ್ದಿದ್ದ ನೋಡಿ, ಆಮ್ಯಾಕೆ. ಇದು ಬಂದ್ಮ್ಯಾಕೆ ಸರಳು ಗುಜ್ರಿಗೆ ಹಾಕ್ಬಿಟ್ಟೆ.’ ಅವನು ಈ ಸಲ ಪ್ರತಿ ಮಾತನ್ನೂ ಕೇಳಿದ.

ಡಾಕ್ಟರ್ ನಿಶ್ಚಿತಾಗೆ ಮೂವತ್ತು ದಾಟಿರಲಿಲ್ಲ. ತರೀಕೆರೆಯ ಒಂದು ಹಳೆಯ ಅಡಿಕೆ ಮಂಡಿಯ ಪಕ್ಕದ ಮನೆಯ ಮುಂಭಾಗದಲ್ಲಿ ಅವಳ ಕ್ಲಿನಿಕ್. ನಾಯಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಅವಳು ಗಂಟಿನ ಕಡೆ ಹೋಗಲಿಲ್ಲ. ತುಟಿ ಎತ್ತಿ ಒಸಡಿನ ಬಣ್ಣ ನೋಡಿದಳು. ಬಾಯಿ ಬಿಡಿಸಿ ಒಳಗೆ ನೋಡಿದಳು. ಎರಡು ಕೈಗಳಿಂದ ಗಂಟಲಿನ ಕೆಳಗೆ, ಭುಜದ ಮುಂದೆ, ಕಂಕುಳಲ್ಲಿ, ಹೊಟ್ಟೆಯುದ್ದಕ್ಕೂ, ಬಾಲ ಎತ್ತಿ ಅದರ ಕೆಳಗೆ, ಯಾವುದನ್ನೂ ಬಿಡದೆ ಹಿಟ್ಟು ನಾದುವಷ್ಟು ನಿಧಾನಕ್ಕೆ ತಡವಿದಳು. ಸಿರಾಜುದ್ದೀನನಿಗೆ ವಿಶ್ವಾರಾಧ್ಯರ ಕೈಗಳು ಕಂಡವು; ಅವರು ಸತ್ತು ಆರು ವರ್ಷವಾಗಿತ್ತು. ಹಿಂಗಾಲಿನ ಮಂಡಿಯ ಹಿಂಭಾಗದಲ್ಲಿ ಊದಿದ್ದ ಗ್ರಂಥಿಗೆ ಬಂದಾಗ ಅವಳ ಬೆರಳು ನಿಂತಿತು. ಆಮೇಲೆ ಗಂಟನ್ನು ಮುಟ್ಟಿದಳು, ಎರಡು ಸಲ ಮೆಲ್ಲಗೆ ಒತ್ತಿ ಬಿಟ್ಟು, ಗಡಿಯಾರ ನೋಡುತ್ತ ಸುಮ್ಮನೆ ನಿಂತಳು. ಎರಡು ಮೂರು ನಿಮಿಷದಲ್ಲಿ ಗಂಟಿನ ಸುತ್ತಲಿನ ಚರ್ಮ ಚೇಳು ಕಡಿದ ಹಾಗೆ ಕೆಂಪಾಗಿ ಉಬ್ಬಿತು.

‘ಮುಟ್ಟಿದ್ರೆ ಹಿಂಗೆ ಊದ್ತಿತ್ತಾ ಅಮ್ಮ, ಮೊದ್ಲಿಂದಾನೂ?’

‘ಊದ್ತಿತ್ತು ಕಣವ್ವ. ಆಮ್ಯಾಕೆ ಇಳೀತಿತ್ತು.’

ಸೂಜಿ ಹಾಕಿದಳು. ಒಂದು ತೊಟ್ಟು, ಗಾಜಿನ ಮೇಲೆ ಹರಡಿ, ಒಣಗಿಸಿ, ಬಣ್ಣದಲ್ಲಿ ಅದ್ದಿ, ತೊಳೆದು, ಮೈಕ್ರೋಸ್ಕೋಪಿನ ಮುಂದೆ ಕುಳಿತಳು. ಮಂಡಿಯ ಹಿಂದಿನ ಗ್ರಂಥಿಯಿಂದಲೂ ಇನ್ನೊಂದು ಗಾಜು. ‘ನೋಡ್ತೀರಾ ಸರ್?’ ಎಂದು ಅವಳು ಎದ್ದು ಜಾಗ ಬಿಟ್ಟಳು. ಅವನು ಬಗ್ಗಿ ಕಣ್ಣಿಟ್ಟ. ಬೆಳಕಿನ ಬಿಲ್ಲೆಯೊಳಗೆ ದುಂಡು ದುಂಡು ಕಣಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ನೇರಳೆ ಬಣ್ಣದ ಗಸಗಸೆ ತುಂಬಿದ ಹಾಗೆ. ಕೆಲವು ಒಡೆದು ಗಸಗಸೆ ಹೊರಗೆ ಚೆಲ್ಲಿತ್ತು. ಕೊಬ್ಬು ಹೀಗಿರುವುದಿಲ್ಲ. ಕೊಬ್ಬು ಗಾಜಿನ ಮೇಲೆ ಎಣ್ಣೆಯ ಹಾಗೆ ಜಿಡ್ಡಾಗಿ ಕಾಣುತ್ತದೆ. ಸೂಜಿ ಹಾಕಿ ಗಾಜಿಗೆ ಹರಡಿದ್ದರೆ, ಬಣ್ಣವಿಲ್ಲದೆಯೂ, ಮೈಕ್ರೋಸ್ಕೋಪ್ ಇಲ್ಲದೆಯೂ, ಬರಿಗಣ್ಣಿಗೇ ಇದು ಕೊಬ್ಬಲ್ಲ ಎನ್ನುವಷ್ಟಾದರೂ ಗೊತ್ತಾಗುತ್ತಿತ್ತು. ಒಂದು ಸೂಜಿ, ಒಂದು ಗಾಜು. ಎರಡೂ ಅವನ ಅಂಗಡಿಯಲ್ಲಿದ್ದವು.

‘ಮಾಸ್ಟ್ ಸೆಲ್ ಟ್ಯೂಮರ್,’ ಎಂದಳು ನಿಶ್ಚಿತಾ. ‘ಕ್ಯಾನ್ಸರ್ ಅಮ್ಮ. ಚರ್ಮದ್ದು. ಮುಟ್ಟಿದಾಗ ಆ ಕಣಗಳಿಂದ ಒಂದು ರಸ ಬಿಡುಗಡೆ ಆಗುತ್ತೆ, ಅದಕ್ಕೇ ಊದೋದು. ಅದೇ ರಸ ಹೊಟ್ಟೇಲಿ ಹುಣ್ಣು ಮಾಡಿದೆ. ಮೊದಲು ಯಾರಿಗೆ ತೋರಿಸಿದ್ರಿ?’

‘ನಮ್ ಡಾಕ್ಟ್ರೇ ನೋಡಿದ್ದು,’ ಎಂದಳು ದ್ಯಾವಮ್ಮ, ಅವನ ಕಡೆ ಕೈ ಮಾಡಿ. ಅವಳ ದನಿಯಲ್ಲಿ ಇನ್ನೂ ಹೆಮ್ಮೆ ಇತ್ತು. ‘ಒಂದ್ ಸೂಜಿ ಹಾಕಿದ್ರು ನೋಡವ್ವ, ಕರಗೇ ಹೋಗಿತ್ತು ಆಗ.’

ನಿಶ್ಚಿತಾ ಅವನ ಕಡೆ ತಿರುಗಿ, ಗೌರವದಿಂದಲೇ, ‘ಓ, ಸರ್ ವೆಟರ್ನರಿನಾ? ಯಾವ ಬ್ಯಾಚ್ ಸರ್?’ ಎಂದಳು.

ಗೋಡೆಯ ಮೇಲೆ ನಾಯಿಯ ಮೈಯ ಒಳಭಾಗದ ಒಂದು ಚಿತ್ರಪಟ ಇತ್ತು. ಅವನು ಅದನ್ನು ನೋಡಿದ. ‘ನಾನು ಡಾಕ್ಟರ್ ಅಲ್ಲ ಮೇಡಂ,’ ಎಂದ. ‘ಕಡೂರಲ್ಲಿ ಔಷಧಿ ಅಂಗಡಿ. ಸಿರಾಜುದ್ದೀನ್ ಅಂತ.’

‘ಓ, ಸಿರಾಜುದ್ದೀನ್ ಅವ್ರಾ? ಧನಪಾಲ್ ಅವ್ರ ನಾಯಿನ ಕಳಿಸಿಕೊಟ್ಟಿದ್ರಲ್ಲ, ಫೆಬ್ರವರೀಲಿ? ಮೊಲೆ ಹತ್ರ ಗಂಟು ಇತ್ತಲ್ಲ, ಅದು. ಒಳ್ಳೇ ಕೆಲಸ ಮಾಡಿದ್ರಿ ಸರ್. ಸಣ್ಣದಿದ್ದಾಗ್ಲೇ ಬಂತು, ಆಪರೇಷನ್ ಮಾಡಿ ತೆಗೆದ್ವಿ. ಈಗ ಆರಾಮಾಗಿದೆ ಅದು.’ ಹೇಳುತ್ತ ಹೇಳುತ್ತ ಅವಳಿಗೇ ಏನೋ ಅರ್ಥವಾಗಿರಬೇಕು, ಮಾತು ನಿಧಾನವಾಯಿತು. ಪೆನ್ನು ತೆಗೆದುಕೊಂಡು, ‘ಇದಕ್ಕೆ ಕೊಟ್ಟಿದ್ದು ಸ್ಟೀರಾಯ್ಡಾ?’ ಎಂದಳು.

‘ಹೌದು.’

‘ಎಷ್ಟು ದಿನ ಆಯ್ತು?’

‘ಐದು ತಿಂಗಳು.’

ಅವಳು ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಎದುರು ನಿಲ್ಲಲು ಏನಾದರೂ ಇರುತ್ತಿತ್ತು. ದ್ಯಾವಮ್ಮ ನಾಯಿಯನ್ನು ಹಿಡಿದು ಬಾಗಿಲಾಚೆ ನೀರು ಕುಡಿಸಲು ಹೋದಾಗ ಅವನೇ ಕೇಳಿದ, ಅವರೆಕಾಳಿನಷ್ಟಿದ್ದಾಗಲೇ ಬಂದಿದ್ದರೆ ಎಂದು. ನಿಶ್ಚಿತಾ ಸ್ಲೈಡನ್ನು ಬಟ್ಟೆಯಲ್ಲಿ ಒರೆಸುತ್ತ, ‘ಅವರೆಕಾಳಿನಷ್ಟು ಅಂದ್ರಲ್ಲ,’ ಎಂದಳು. ‘ಸುತ್ತ ಒಂದಿಷ್ಟು ಅಗಲ ಬಿಟ್ಟು ಕತ್ತರಿಸಿ ತೆಗೆದಿದ್ರೆ, ಬಹಳಷ್ಟು ನಾಯಿ ಉಳ್ಕೋತವೆ. ಇದು ಉಳೀತಿತ್ತು ಅಂತ ಖಚಿತವಾಗಿ ನಾನು ಹೇಳಲ್ಲ. ಈಗ ಗ್ರಂಥಿಗೆ ಹೋಗಿದೆ, ಆಪರೇಷನ್ ತಡೆಯೋ ಸ್ಥಿತೀಲಿ ಇಲ್ಲ. ಹೊಟ್ಟೆ ಹುಣ್ಣಿಗೆ ಔಷಧಿ ಕೊಡ್ತೀನಿ. ಅದು ಹಿಡಿದ ಮೇಲೆ ಸ್ಟೀರಾಯ್ಡೇ ಶುರು ಮಾಡ್ಬೇಕು.’

‘ನಾನು ಕೊಟ್ಟಿದ್ದೇ?’

‘ಅದೇ. ಆಗ ಅದು ಮುಚ್ಚಿಡ್ತು. ಈಗ ಒಂದೆರಡು ತಿಂಗಳು ಹಿಡಿದಿಡಬಹುದು, ಅಷ್ಟೇ.’

ವಾಪಸು ಹೊರಡುವ ಮೊದಲು ತಿಪ್ಪೇಶ್ ಊಟಕ್ಕೆ ಹೋದ. ಆಟೋದ ತೊಟ್ಟಿಯಲ್ಲಿ ಇಬ್ಬರೂ ಮತ್ತೆ ಎದುರುಬದುರು ಕುಳಿತಿದ್ದರು. ಜೂನಿನ ಮೋಡ ಬೆಟ್ಟದ ಕಡೆಯಿಂದ ಎದ್ದಿತ್ತು, ಮಳೆ ಇರಲಿಲ್ಲ. ಇಂಜೆಕ್ಷನ್ನಿನ ಮಂಪರಿನಲ್ಲಿ ನಾಯಿ ಗೊರಕೆ ಹೊಡೆಯುತ್ತಿತ್ತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಎಲ್ಲಕ್ಕಿಂತ ಕಷ್ಟದ್ದು ಎಂದು ತಾನು ಅಂದುಕೊಂಡಿದ್ದನ್ನೇ ಸಿರಾಜುದ್ದೀನ್ ಮೊದಲು ಹೇಳಿದ.

‘ದ್ಯಾವಮ್ಮ, ನೀನು ಡಾಕ್ಟ್ರೇ ಡಾಕ್ಟ್ರೇ ಅಂತಿದ್ದೆ. ನಾನು ಡಾಕ್ಟರ್ ಅಲ್ಲ. ಹೇಳ್ಬೇಕಿತ್ತು. ಹೇಳ್ಲಿಲ್ಲ.’

‘ಅದು ನಂಗೊತ್ತು ಬಿಡಿ,’ ಎಂದಳು ಅವಳು. ‘ನಮ್ ತವರು ಅಜ್ಜಂಪುರದ್ ತಾವಲ್ವಾ? ನಮ್ಮಪ್ಪನ ಎತ್ತಿಗೆ ಕೊಂಬು ಮುರ್ದಾಗ ನೀವು ಮೂಗುದಾರ ಹಿಡ್ಕೊಂಡ್ ನಿಂತಿದ್ರಿ. ಔಷ್ದಿ ಹಾಕಿದ್ದು ಆ ಸಣಕಲು ಡಾಕ್ಟ್ರು. ನಂಗ್ಯಾಕ್ ಗೊತ್ತಿರಲ್ಲ? ಇಡೀ ಬಸ್ ಸ್ಟ್ಯಾಂಡಿಗೇ ಗೊತ್ತು. ಏನೋ, ಬಾಯ್ ತುಂಬಾ ಕರೀತಿದ್ವಿ.’

ಒಂಬತ್ತು ವರ್ಷ ಯಾವುದನ್ನು ಕಾಪಾಡಿಕೊಂಡು ಬಂದಿದ್ದನೋ ಅದು ಇರಲೇ ಇಲ್ಲ. ಹಣ್ಣಿನವರು, ಕಂಟ್ರೋಲರು, ಬೈಕಿನ ಹಾಲಿನವನು, ಎಲ್ಲರೂ ಮಕ್ಕಳಾಟದಲ್ಲಿ ರಾಜನನ್ನು ಕರೆಯುವ ಹಾಗೆ ಅವನನ್ನು ಕರೆದಿದ್ದರು.

‘ಒಂದ್ ಮಾತು ಕೇಳ್ತೀನಿ,’ ಎಂದಳು ದ್ಯಾವಮ್ಮ. ಅವಳು ಅವನನ್ನು ನೋಡುತ್ತಿರಲಿಲ್ಲ. ನಾಯಿಯ ಹೊಟ್ಟೆಯ ಏರಿಳಿತವನ್ನು ನೋಡುತ್ತಿದ್ದಳು. ‘ಸಾಹುಕಾರ್ರ ನಾಯಿನ ಇಲ್ಲಿಗ್ ಕಳ್ಸಿದ್ದು ಫೆಬ್ರವರೀಲಿ ಅಂದ್ಲಲ್ಲ ಆಯಮ್ಮ. ಆಗ ನಮ್ ದಫೇದಾರನ್ ಗಂಟು ಕರಗಿ ಒಂದ್ ತಿಂಗಳೂ ಆಗಿರ್ಲಿಲ್ಲ.’

‘ಹೂಂ.’

‘ಅವ್ರ ನಾಯಿಗೆ ತರೀಕೆರೆ. ನಮ್ದಕ್ಕೆ ನಿಮ್ ಕೈ.’

ಹಾಗಲ್ಲ ಎನ್ನಲು ಅವನು ಬಾಯಿ ತೆರೆದ. ಅದು ಮೊಲೆಯ ಗಂಟು, ಅಂಥದ್ದಕ್ಕೆ ಆಪರೇಷನ್ ಬೇಕೇಬೇಕೆಂದು ಗೊತ್ತಿತ್ತು, ಇದು ಬೇರೆ ಥರ ಇತ್ತು ಎಂದು ಹೇಳಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಧನಪಾಲನ ಕಾರು ನಿಂತಾಗ ಅವನಿಗೆ ಭಯವಾಗಿತ್ತು. ತಪ್ಪಾದರೆ ಈ ಮನುಷ್ಯ ಬಿಡುವುದಿಲ್ಲ ಎಂಬ ಭಯ. ಆ ಭಯದಿಂದಲೇ ಅವನ ಬೆರಳು ಆವತ್ತು ಎಚ್ಚರವಾಗಿತ್ತು. ದ್ಯಾವಮ್ಮನ ನಾಯಿಯನ್ನು ಮುಟ್ಟುವಾಗ ಯಾವ ಭಯವೂ ಇರಲಿಲ್ಲ.

‘ಬೆಳಿಗ್ಗೆ ಹೊತ್ತು ಆ ಮಸೀದಿ ಗಲ್ಲೀಲಿ ನಿಂತ್ಕೊಳ್ತಿದ್ರಲ್ಲ,’ ಎಂದಳು ಅವಳು. ‘ಹತ್ತು ಹನ್ನೊಂದ್ ದಿನದಿಂದ. ಮೊದ್ಲು ನೋಡಿದ್ದು ನಾನಲ್ಲ, ಇದು. ಆ ಕಡೀಕ್ ತಿರ್ಗಿ ಬಾಲ ಅಲ್ಲಾಡ್ಸೋದು. ಯಾರಿಗೋ ಕಾಯ್ತಿದಾರೆ ಅಂದ್ಕೊಂಡೆ. ಆಗ ಗೊತ್ತಿತ್ತಾ ನಿಮ್ಗೆ, ಇದು ಇಂಥಾದ್ದು ಅಂತ?’

‘ಗೊತ್ತಿತ್ತು,’ ಎಂದ ಸಿರಾಜುದ್ದೀನ್.

ಅವಳು ಎದ್ದಳು. ತೊಟ್ಟಿಯಿಂದ ಕೆಳಗಿಳಿದು, ಸೀರೆ ಕೊಡವಿಕೊಂಡು, ಹೋಗಿ ಮುಂದೆ ಡ್ರೈವರಿನ ಪಕ್ಕದ ಸೀಟಿನಲ್ಲಿ ಕುಳಿತಳು. ಕಡೂರಿನವರೆಗೆ ಹಿಂದೆ ಅವನು ಮತ್ತು ನಾಯಿ ಇಬ್ಬರೇ. ರಸ್ತೆಯ ಗುಂಡಿಗಳಲ್ಲಿ ತೊಟ್ಟಿ ಎಗರಿದಾಗಲೆಲ್ಲ ಅವನು ನಾಯಿಯ ತಲೆಯ ಕೆಳಗೆ ಅಂಗೈ ಇಟ್ಟ.

ಆ ಸಂಜೆ ರುಬೀನಾ ಪ್ಯಾಂಟಿನ ಕಲೆ ನೋಡಿ ಎಂದಿನ ಪ್ರಶ್ನೆ ಕೇಳಿದಾಗ ಅವನು ಹಿತ್ತಲ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಅವಳು ಬಕೆಟ್ಟಿಗೆ ನೀರು ಬಿಟ್ಟು ನಲ್ಲಿ ನಿಲ್ಲಿಸುವುದನ್ನೇ ಮರೆತು ಕೇಳಿದಳು. ಕೊನೆಗೆ ದಖ್ನಿಯಲ್ಲಿ, ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಿಸಲಿ ಎಂದಳು. ಐದಕ್ಕೆ ಎಂದ.

ಮರುದಿನದಿಂದ ಅವನು ಐದೂಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದ. ಹೊಟ್ಟೆಯ ಮಾತ್ರೆ ಮೊದಲು, ಅರ್ಧ ಗಂಟೆ ಬಿಟ್ಟು ಉಳಿದವು, ಬನ್ನಿನ ತುಂಡಿನೊಳಗೆ ಇಟ್ಟು. ಐದನೇ ದಿನ ನಾಯಿ ಎದ್ದು ನಡೆಯಿತು. ಎರಡನೇ ವಾರ ಗಂಟು ಇಳಿಯಿತು. ಅದು ಇಳಿದದ್ದನ್ನು ನೋಡಿ ಹಣ್ಣಿನವನು, ‘ನೋಡ್ರೀ, ಮತ್ತೆ ವಾಸಿ ಮಾಡ್ಬಿಟ್ರು ಡಾಕ್ಟ್ರು!’ ಎಂದ. ‘ವಾಸಿ ಆಗಿಲ್ಲಪ್ಪ, ಆಗೋದೂ ಇಲ್ಲ. ನಾನು ಡಾಕ್ಟ್ರೂ ಅಲ್ಲ,’ ಎಂದ ಸಿರಾಜುದ್ದೀನ್. ಹಣ್ಣಿನವನು ನಕ್ಕ, ಇದೂ ಒಂದು ದೊಡ್ಡತನದ ಮಾತೆಂದುಕೊಂಡು. ನಾಯಿಗಳನ್ನು ತಂದವರಿಗೆ ಅವನು ಗಂಟು ಮುಟ್ಟಿ ನೋಡಿ, ಹೆಸರು ಹೇಳದೆ, ತರೀಕೆರೆಯ ವಿಳಾಸ ಬರೆದುಕೊಡತೊಡಗಿದ. ಕೆಲವರು ಹೋದರು. ಕೆಲವರು, ಇವನಿಗೇನೋ ಜಂಬ ಬಂದಿದೆ ಎಂದುಕೊಂಡು, ಬೇರೆ ಅಂಗಡಿಗೆ ಹೋಗಿ ಅದೇ ಇಂಜೆಕ್ಷನ್ ಹಾಕಿಸಿಕೊಂಡರು. ದ್ಯಾವಮ್ಮ ಅವನು ಮಾತ್ರೆ ಕೊಡುವಾಗ ನಾಯಿಯ ಬಾಯಿ ಹಿಡಿಯುತ್ತಿದ್ದಳು. ‘ಸಾಬ್ರೇ, ಬಿಸಿನೀರು ಬೇಕಾ’ ಎಂದೋ, ‘ಸಾಬ್ರೇ, ಇವತ್ತು ಅರ್ಧ ತಿಂತು’ ಎಂದೋ ಅಷ್ಟೇ ಮಾತು. ಮತ್ತೆ ಪೊರಕೆ ಹಿಡಿಯುವಳು. ಮೊದಲಿನ ಹಾಗೆ ಅವನ ಮೆಟ್ಟಿಲ ಮುಂದೆ ನಿಂತು ಕತೆ ಹೇಳುತ್ತಿರಲಿಲ್ಲ. ಅವನು ಕೇಳಲು ತಯಾರಾಗಿ ನಿಂತಿರುತ್ತಿದ್ದ.

ಏಳು ವಾರ ಆಯಿತು. ಶ್ರಾವಣದ ಒಂದು ಬೆಳಿಗ್ಗೆ, ಅಂದು ಎದ್ದದ್ದು ತಡವಾಗಿ ಬೆಳಕು ಹರಿದ ಮೇಲೆ ಅವನು ಬರುವಾಗ ಕಂಟ್ರೋಲರ್ ರೂಮಿನ ಪಕ್ಕ ನಾಲ್ಕು ಜನ ನಿಂತಿದ್ದರು. ಹಿಂದಿನ ದಿನವೇ ನಾಯಿ ಅನ್ನ ನೀರು ಎಲ್ಲ ಬಿಟ್ಟಿತ್ತು. ಆದರೂ ಬೆಳಿಗ್ಗೆ ಎದ್ದು ಅವಳ ಮುಂದೆ ಮುಂದೆ ಇಲ್ಲಿಯವರೆಗೆ ನಡೆದು ಬಂದು ಮಲಗಿಕೊಂಡಿತಂತೆ, ಮತ್ತೆ ಏಳಲಿಲ್ಲವಂತೆ. ಪುರಸಭೆಯ ಕಸದ ಟ್ರ್ಯಾಕ್ಟರ್ ಬಂದು ನಿಂತು, ಇಂಜಿನ್ ಆರಿಸದೆ ಡ್ರೈವರು ಕಾಯುತ್ತಿದ್ದ. ಊರಿನಲ್ಲಿ ಸತ್ತ ನಾಯಿ, ಹಂದಿ, ಬೆಕ್ಕುಗಳನ್ನು ಎತ್ತಿ ಅದಕ್ಕೆ ಹಾಕುವುದು ದ್ಯಾವಮ್ಮನ ಕೆಲಸವೇ. ಅವಳು ಗೋಡೆಗೆ ಒರಗಿ ಕುಳಿತಿದ್ದಳು, ಕೈಗೆ ಗ್ಲೌಸು ಹಾಕಿಕೊಂಡಿರಲಿಲ್ಲ.

‘ಟ್ರ್ಯಾಕ್ಟರ್ ಬೇಡ ಅಂದೆ ನಾನು,’ ಎಂದಳು ಅವನಿಗೆ. ‘ತಿಪ್ಪೇಶಂಗೆ ಹೇಳಿದೀನಿ, ಆಟೋ ತತ್ತಾನೆ. ನಮ್ ಕೇರಿ ಹಿಂದ್ಗಡೆ ಗುಂಡಿ ತೋಡ್ಸಿದೀನಿ.’ ಬರಿ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ‘ಇಪ್ಪತ್ ವರ್ಷ ಊರಿನ್ ನಾಯಿನೆಲ್ಲ ನಾನೇ ಎತ್ತಿದೀನಿ ಸಾಬ್ರೇ. ಇದನ್ನ ನನ್ ಕೈಲಿ ಆಗಲ್ಲ. ನೀವು ಎತ್ರಿ.’

ತಿಪ್ಪೇಶನ ಆಟೋ ಬಂದು ಹಿಂದಕ್ಕೆ ತಿರುಗಿ ನಿಂತಿತು. ಸಿರಾಜುದ್ದೀನ್ ಟೋಪಿ ತೆಗೆದು ಜೇಬಿಗೆ ಇಟ್ಟುಕೊಂಡ. ಕೆಳಗೆ ಮಂಡಿಯೂರಿ ಒಂದು ಕೈಯನ್ನು ನಾಯಿಯ ಕತ್ತಿನ ಕೆಳಗೆ, ಇನ್ನೊಂದನ್ನು ತೊಡೆಗಳ ಕೆಳಗೆ ತೂರಿಸಿದ. ಕೂದಲು ಮಂಜಿನಲ್ಲಿ ಒದ್ದೆಯಾಗಿತ್ತು, ಅದರ ಕೆಳಗೆ ಪಕ್ಕೆಲುಬುಗಳು ಒಂದೊಂದೇ ಬೆರಳಿಗೆ ಸಿಕ್ಕವು. ಎತ್ತಿ ನಿಂತ. ಅಷ್ಟು ಸಲೀಸಾಗಿ ಮೇಲೆ ಬರುತ್ತದೆಂದು ಅಂದುಕೊಂಡಿರದ ಕಾರಣ ಒಂದು ಹೆಜ್ಜೆ ಹಿಂದಕ್ಕೆ ವಾಲಿದ. ದ್ಯಾವಮ್ಮ ಎದ್ದು ಬಂದು ಅವನ ಮೊಣಕೈಗೆ ಕೈ ಕೊಟ್ಟಳು.

‘ಭಾರ ಐತಾ?’ ಎಂದಳು.

‘ಇಲ್ಲ.’

‘ಮೊದ್ಲು ಇತ್ತು,’ ಎಂದಳು ದ್ಯಾವಮ್ಮ.